ದೈವ ಬೇಡವೆಂದ ಬಲ್ಬು

ಹೆಣ್ಣು ಮಗು ಹುಟ್ಟಿತು. ನಾನು ಅಜ್ಜಿಯಾದೆ. ಇದನ್ನು ಮೊದಲು ಹೇಳದೆ ಬೇರೆ ಏನು ಬರೆಯಲೂ ನನ್ನ ಕೈ ಮುಂದೆ ಹೋಗುವುದಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಭಾನುವಾರ ಬೆಳಿಗ್ಗೆ ಗಂಜಿಗೆ ಅಕ್ಕಿ ಹಾಕಿ ಒಲೆ ಊದುತ್ತಿದ್ದೆ. ಅಳಿಯ ಆಸ್ಪತ್ರೆಯಿಂದ ನೇರ ಸ್ಕೂಟರಿನಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ನಾನು ಅವನ ಎದುರಿಗೇ ಇದ್ದೆ, ಅವನಿಗೆ ಕಾಣಲಿಲ್ಲ.

“ಅತ್ತೆ, ಎಲ್ಲಿದ್ದೀರಿ? ಹೆಣ್ಣು. ಇಬ್ಬರೂ ಹುಷಾರಿದ್ದಾರೆ,” ಎಂದು ಕತ್ತಲೆಗೇ ಹೇಳಿದ.

ಊದುಗೊಳವೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಗಂಜಿ ಉಕ್ಕಿ ಒಲೆ ಆರಿದ್ದೂ ಗೊತ್ತಿಲ್ಲ. ಮಸಿ ಕೈಯಲ್ಲೇ ಅಳಿಯನ ಮುಖ ಸವರಿಬಿಟ್ಟೆ. ಅವನು ಸುರತ್ಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ. ಕೆನ್ನೆಯ ಮೇಲೆ ಐದು ಬೆರಳಿನ ಮಸಿ ಹೊತ್ತುಕೊಂಡೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ನರ್ಸುಗಳು ನಕ್ಕದ್ದೇ ನಕ್ಕದ್ದು.

ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಅದರ ಸಂತೋಷವೇ ಬೇರೆ. ನಮ್ಮ ಕಡೆಯ ಮನೆಗಳು ಹೆಣ್ಣಿನಿಂದ ಹೆಣ್ಣಿಗೆ ಇಳಿಯುವಂಥವು. ಅಮ್ಮನಿಂದ ನನಗೆ ಬಂದ ಮನೆ, ನನ್ನಿಂದ ಮಗಳಿಗೆ, ಅವಳಿಂದ ಈಗ ಬಟ್ಟೆಯಲ್ಲಿ ಸುತ್ತಿಟ್ಟ ಈ ಕೆಂಪು ಮುಖದ ಮುಷ್ಟಿಗಾತ್ರದವಳಿಗೆ. ನಾನು ಎತ್ತಿಕೊಂಡಾಗ ಅವಳು ಕಣ್ಣು ಬಿಟ್ಟು ಮೇಲಿನ ಟ್ಯೂಬ್‌ಲೈಟನ್ನೇ ನೋಡಿದಳು. “ನೋಡಿದಿಯಾ ಅಮ್ಮ, ಲೈಟ್ ಎಲ್ಲುಂಟು ಅಂತ ನೋಡ್ತಾಳೆ,” ಎಂದಳು ಮಗಳು. ನಾನು ನಕ್ಕೆ. ನಗುವಿನ ಒಳಗೆ ಒಂದು ಮುಳ್ಳು ಇತ್ತು. ಅದು ಏನೆಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಮನೆ ಪಂಪ್‌ವೆಲ್‌ನಿಂದ ಒಳಗೆ ಹೋಗುವ ಓಣಿಯಲ್ಲಿ. ಎದುರಿಗೆ ಜಗಲಿ, ಆಮೇಲೆ ಚಾವಡಿ, ಚಾವಡಿಯ ಹಿಂದೆ ಮನೆಯ ದೈವದ ಕೋಣೆ. ದೈವಕ್ಕೆಂದು ಅಲ್ಲಿ ಒಂದು ಮರದ ಮಂಚ, ಅದರ ಮೇಲೆ ಬೆಳ್ಳಿ ಕಟ್ಟಿದ ಕತ್ತಿ. ಆ ಕೋಣೆಯ ಬದಿಗೆ ಅಣ್ಣನ ಕೋಣೆ. ಇವೆರಡರ ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಮನೆ ಹೆಣ್ಣುಮಕ್ಕಳದ್ದಾದರೂ ಯಜಮಾನಿಕೆ ಗಂಡಸರದು, ಅಂದರೆ ಅಣ್ಣನದು. ಅವನು ಮದುವೆಯಾಗಲಿಲ್ಲ. ಹಂಪನಕಟ್ಟೆಯ ಒಂದು ಲಾಡ್ಜಿನಲ್ಲಿ ಮ್ಯಾನೇಜರ್ ಆಗಿದ್ದ. ನನ್ನ ಗಂಡ ಬೇಗ ಹೋದ ಮೇಲೆ ನನ್ನ ಎರಡು ಮಕ್ಕಳನ್ನು ಅವನೇ ಸಾಕಿದ. ಅದನ್ನು ಇಲ್ಲ ಎನ್ನುವ ಹಾಗಿಲ್ಲ.

ಎಪ್ಪತ್ತರ ಸುರುವಿಗೆ ನಮ್ಮ ಓಣಿಗೆ ಕರೆಂಟು ಬಂತು. ಆಗ ನಾನು ಮನೆಯಲ್ಲಿ ಇರಲಿಲ್ಲ, ಅತ್ತೆಗೆ ಹುಷಾರಿಲ್ಲವೆಂದು ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಗಂಡನ ಮನೆಗೆ ಹೋಗಿದ್ದೆ. ಅಣ್ಣ ಲಾಡ್ಜಿಗೆ ಕೆಲಸ ಮಾಡುವ ವಯರ್‌ಮನ್‌ನನ್ನು ಕರೆದು ವಯರಿಂಗ್ ಮಾಡಿಸಿದ್ದ. ನಾನು ತಿರುಗಿ ಬಂದಾಗ ಜಗಲಿಯಲ್ಲಿ ಬಲ್ಬು, ಚಾವಡಿಯಲ್ಲಿ ಬಲ್ಬು, ಮಕ್ಕಳು ಮಲಗುವ ಅಟ್ಟದಲ್ಲಿ ಬಲ್ಬು. ಅಣ್ಣನ ಕೋಣೆಯಲ್ಲಿ ಬಲ್ಬಿನ ಜೊತೆ ತಲೆಯ ಮೇಲೆ ತಿರುಗುವ ಫ್ಯಾನು. ನಾನು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಓಡಿದೆ. ಅಲ್ಲಿ ಮೊದಲಿನ ಚಿಮಿಣಿ ದೀಪವೇ ಗೂಡಿನಲ್ಲಿ ಕೂತು ಹೊಗೆ ಬಿಡುತ್ತಿತ್ತು.

“ದೈವ ಒಪ್ಪಲಿಲ್ಲ ಮಾರಾಯ್ತಿ,” ಎಂದ ಅಣ್ಣ. “ತನ್ನ ಕೋಣೆಯ ಗೋಡೆಗೆ ಮೊಳೆ ಬೇಡ, ತನ್ನ ಬೆನ್ನ ಹಿಂದೆ ಕರೆಂಟಿನ ಬೆಳಕು ಬೇಡ ಅಂತ ಅಪ್ಪಣೆ ಆಯ್ತು.”

ಅಪ್ಪಣೆ ಕೇಳುವ ಕ್ರಮ ನಮ್ಮಲ್ಲಿ ಹೀಗೆ: ಸಂಕ್ರಮಣದ ದಿನ ಯಜಮಾನ ಸ್ನಾನ ಮಾಡಿ ಒಬ್ಬನೇ ಒಳಗೆ ಹೋಗುತ್ತಾನೆ, ಕತ್ತಿಯ ಮೇಲೆ ಹೂ ಇಟ್ಟು ಕೇಳುತ್ತಾನೆ. ಹೂ ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ನಾವು ಹೆಂಗಸರು ಹೊಸ್ತಿಲಿನ ಆಚೆ ನಿಂತು, ಅವನು ಹೊರಗೆ ಬಂದು ಹೇಳಿದ್ದನ್ನು ಕೇಳುವುದು. ಅಮ್ಮ ಆಗ ಬದುಕಿದ್ದಳು. ಅಣ್ಣ ಹೇಳಿದ ಕೂಡಲೇ ಕೈ ಮುಗಿದಳು. ನಾನೂ ಮುಗಿದೆ. ನಿಜ ಹೇಳಬೇಕೆಂದರೆ ನನಗೆ ಒಂದು ತರಹದ ಹೆಮ್ಮೆಯೇ ಆಗಿತ್ತು. ನಮ್ಮ ದೈವಕ್ಕೆ ನಮ್ಮ ಮನೆಯ ಒಂದು ಮೊಳೆಯ ಮೇಲೂ ಕಣ್ಣುಂಟು ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ.

ಹಾಗಾದರೆ ಅಣ್ಣನ ಕೋಣೆಗೆ ಕರೆಂಟು ಹೇಗೆ ಹೋಯಿತು? ಯಾರೂ ಕೇಳುವ ಮೊದಲೇ ಅವನೇ ತೋರಿಸಿದ. ಹೊರಗೆ ಪಡುಬದಿಯ ಹಂಚಿನ ಮಾಡಿನ ಅಂಚಿನಲ್ಲಿ ಒಂದು ತಂತಿ ಹೋಗುತ್ತಿತ್ತು, ಚಾವಡಿಯ ಮೂಲೆಯಿಂದ ಅವನ ಕಿಟಕಿಯವರೆಗೆ. ಚಾವಡಿಯ ಲೈನೇ ಅದರಲ್ಲಿ ಬರುತ್ತದೆ, ದೈವದ ಗೋಡೆ ಮುಟ್ಟದೆ ಸುತ್ತು ಹಾಕಿ ಬರುತ್ತದೆ ಎಂದ. ಆ ತಂತಿಗೆ ನಾನು ಎಷ್ಟು ಹೆದರಿದ್ದೆ. ಅದರ ಹತ್ತಿರ ಬಟ್ಟೆ ಒಣಗಿಸುತ್ತಿರಲಿಲ್ಲ. ಮಕ್ಕಳು ಆ ಬದಿಗೆ ಹೋದರೆ ಕೋಲು ಹಿಡಿದು ಓಡಿಸುತ್ತಿದ್ದೆ.

ನಮ್ಮ ಅಡುಗೆಮನೆಯಲ್ಲಿ ಹಗಲಿಗೂ ಬೆಳಕಿಲ್ಲ. ಮಾಡು ತಗ್ಗು, ಗೋಡೆ ಹೊಗೆ ಕುಡಿದು ಕಪ್ಪು. ಮೇಲಿನ ಒಂದು ಗಾಜಿನ ಹಂಚು ವರ್ಷಕ್ಕೊಮ್ಮೆ ತೊಳೆದರೆ ಎರಡು ದಿನ ಬೆಳ್ಳಗೆ ಕಾಣುತ್ತಿತ್ತು, ಅಷ್ಟೇ. ಮೀನನ್ನು ಕೈಯಲ್ಲಿ ಮುಟ್ಟಿ ನೋಡಿ ಕೊಯ್ಯುವುದು, ಅಕ್ಕಿಯ ಕಲ್ಲನ್ನು ಬೆರಳಿನಿಂದ ಹುಡುಕುವುದು, ಉಪ್ಪಿನ ಭರಣಿ ಯಾವುದು ಹುಳಿಯ ಭರಣಿ ಯಾವುದು ಎಂದು ಮೂಸಿ ನೋಡುವುದು. ಗಂಡಸರಿಗೆ ಚಾವಡಿಯ ಬಲ್ಬಿನ ಕೆಳಗೆ ಬಡಿಸುವುದು, ಅವರದ್ದಾದ ಮೇಲೆ ನಾನು, ಅಮ್ಮ, ಮಗಳು ಒಲೆಯ ಎದುರು ಕೂತು ಊಟ ಮಾಡುವುದು. ಮನುಷ್ಯರಿಗೆ ಯಾವುದೂ ಅಭ್ಯಾಸ ಆಗುತ್ತದೆ.

ಮಗಳಿಗೆ ಆಗ ಇನ್ನೂ ಶಾಲೆ ಸುರುವಾಗಿತ್ತಷ್ಟೆ. ಒಂದು ಮುಸ್ಸಂಜೆ ನಾನು ಗಂಜಿತಿಳಿ ಬಸಿದು ಪಾತ್ರೆಯನ್ನು ಬಚ್ಚಲಿನ ಬಾಗಿಲ ಬುಡದಲ್ಲಿ ಇಟ್ಟಿದ್ದೆ. ಚಿಮಿಣಿಯ ಬೆಳಕು ಅಲ್ಲಿಯವರೆಗೆ ಬರುವುದಿಲ್ಲ. ಆಟ ಮುಗಿಸಿ ಕಾಲು ತೊಳೆಯಲು ಓಡಿ ಬಂದ ಹುಡುಗಿಯ ಬಲಗಾಲು ಸೀದಾ ಅದರೊಳಗೆ ಹೋಯಿತು. ಆ ಕೂಗು ಈಗಲೂ ನನ್ನ ಕಿವಿಯಲ್ಲುಂಟು. ಅಣ್ಣ ಅವಳನ್ನು ಎತ್ತಿಕೊಂಡು ಮುಖ್ಯರಸ್ತೆಯವರೆಗೆ ಚಪ್ಪಲಿ ಇಲ್ಲದೆ ಓಡಿದ. ರಿಕ್ಷಾ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ, ತಿರುಗಿ ಬಂದು ಜಗಲಿಯಲ್ಲಿ ಕೂತು ಸಣ್ಣ ಮಗುವಿನ ಹಾಗೆ ಅತ್ತ. ನಾನೇ ಅವನಿಗೆ ನೀರು ಕೊಟ್ಟು, “ನಿನ್ನ ತಪ್ಪೆಂತ ಉಂಟು ಅಣ್ಣ,” ಎಂದು ಬೆನ್ನು ಸವರಿದೆ. ನೀರು ಕುಡಿದ.

ಮಗಳ ಪಾದದಿಂದ ಗಂಟಿನವರೆಗೆ ಆ ಕಲೆ ಉಳಿಯಿತು. ಮದುವೆಯಾಗಿ ಸುರತ್ಕಲ್ಲಿಗೆ ಹೋದಳು. ಅಲ್ಲಿ ಅವರ ಕ್ವಾರ್ಟರ್ಸಿನ ಬಚ್ಚಲಿಗೂ ಟ್ಯೂಬ್‌ಲೈಟು. ಬಸುರಿಯಾದ ಮೇಲೆ ಸೀಮಂತಕ್ಕೆ ಬಂದಾಗ ನನ್ನನ್ನು ಬದಿಗೆ ಕರೆದು ಒಂದೇ ಮಾತು ಹೇಳಿದಳು. “ಅಮ್ಮ, ಬಾಣಂತನಕ್ಕೆ ನಾನು ಇಲ್ಲಿಗೇ ಬರ್ಬೇಕು ಅಂತ ನನಗೂ ಆಸೆ. ಆದ್ರೆ ಆ ಕತ್ತಲೆಯಲ್ಲಿ ನನ್ನ ಮಗುವನ್ನು ಮೀಯಿಸ್ಲಿಕ್ಕೆ ನಾನು ಬಿಡುದಿಲ್ಲ. ಲೈಟ್ ಬಂದ ಮೇಲೆ ಬರ್ತೇನೆ.” ಸಿಟ್ಟಿನಲ್ಲಿ ಹೇಳಿದ್ದಾದರೆ ನಾನು ಬೈದು ಸುಮ್ಮನಾಗಿಸುತ್ತಿದ್ದೆ. ಅವಳು ಕೆಳಗೆ ತನ್ನ ಕಾಲನ್ನೇ ನೋಡಿಕೊಂಡು ಹೇಳಿದಳು. ಚೊಚ್ಚಲ ಬಾಣಂತನ ತಾಯಿಮನೆಯಲ್ಲಿ ಆಗದಿದ್ದರೆ ತಾಯಿಮನೆ ಯಾಕೆ?

ಹೇಗಿದ್ದರೂ ಮನೆಯ ವಯರಿಂಗ್ ಪೂರ್ತಿ ಹಳತಾಗಿತ್ತು. ಮರದ ಪಟ್ಟಿಯ ಮೇಲೆ ಎಳೆದ ವಯರಿನ ರಬ್ಬರು ಒಣಗಿ ಉದುರುತ್ತಿತ್ತು, ಇಸ್ತ್ರಿ ಪೆಟ್ಟಿಗೆ ಹಾಕಿದರೆ ಫ್ಯೂಸು ಹಾರುತ್ತಿತ್ತು. ಬ್ಯಾಂಕಿನ ಕೆಲಸಕ್ಕೆ ಸೇರಿದ್ದ ಮಗ, ಎಲ್ಲ ತೆಗೆಸಿ ಹೊಸದು ಮಾಡಿಸುವ ಎಂದು ಹಂಪನಕಟ್ಟೆಗೆ ಹೋಗಿ, ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಮೆಟ್ಟಿಲ ಮೇಲೆ ಬೆಳಿಗ್ಗೆ ಕೂತಿರುವ ವಯರ್‌ಮನ್‌ಗಳಲ್ಲಿ ಒಬ್ಬನನ್ನು ಮಾತಾಡಿಸಿ ಬಂದ. ಬಂದು ನೋಡುವ ಮೊದಲು ಮನೆಯವರು ಮಾಡಿಟ್ಟುಕೊಳ್ಳಬೇಕಾದ ಕೆಲಸ ಉಂಟಂತೆ: ಯಾವ ಫ್ಯೂಸಿನಿಂದ ಯಾವ ಕೋಣೆಗೆ ಹೋಗುತ್ತದೆ ಎಂದು ನೋಡಿಡುವುದು, ಎಲ್ಲೆಲ್ಲಿ ಪಾಯಿಂಟ್ ಬೇಕು ಎಂದು ಗುರುತು ಮಾಡುವುದು, ಗೋಡೆಗೆ ತಾಗಿದ ಕಪಾಟು ಪೆಟ್ಟಿಗೆ ಸರಿಸುವುದು. ಗುರುತಿನ ಕೆಲಸ ನಾನು ವಹಿಸಿಕೊಂಡೆ. ಎಲೆಯಡಿಕೆ ಡಬ್ಬಿಯ ಸುಣ್ಣ ಬೆರಳಿಗೆ ತೆಗೆದು, ಇಲ್ಲೊಂದು ಸ್ವಿಚ್ಚು, ಇಲ್ಲೊಂದು ಬಲ್ಬು ಎಂದು ಮನೆಯಿಡೀ ಬೊಟ್ಟು ಇಟ್ಟುಕೊಂಡು ಬಂದೆ. ಅಡುಗೆಮನೆಗೆ ಬಂದಾಗ ಕೈ ನಿಂತಿತು. ಆಮೇಲೆ ಒಲೆಯ ಮೇಲಿನ ಗೋಡೆಯಲ್ಲಿ ಸಣ್ಣಕ್ಕೆ ಒಂದು ಇಟ್ಟೆ. ಮನಸ್ಸಿನಲ್ಲೇ ದೈವಕ್ಕೆ ಕೈ ಮುಗಿದು ಇಟ್ಟೆ.

ಅಣ್ಣ ಆ ಬೊಟ್ಟು ನೋಡಿದ. ಮುಂದಿನ ಸಂಕ್ರಮಣಕ್ಕೆ ಮತ್ತೊಮ್ಮೆ ಹೂ ಇಟ್ಟು ಕೇಳುವ ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಅವನಿಗೆ ಇಷ್ಟವಾದ ಪತ್ರೊಡೆ ಮಾಡಿ ಬಡಿಸಿದೆ.

ಮಗು ಸಂಕ್ರಮಣಕ್ಕೆ ಕಾಯಲಿಲ್ಲ. ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಬಂತು. ಆ ಭಾನುವಾರ ನಾನು ಆಸ್ಪತ್ರೆಯಿಂದ ಹಾರಿಕೊಂಡೇ ಮನೆಗೆ ಬಂದೆ. ಅವತ್ತು ರಾತ್ರಿಗೂ ಮಗಳ ಹತ್ತಿರ ಅವಳ ಅತ್ತೆ ಇರುತ್ತೇನೆ ಎಂದಿದ್ದರು. ಅಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ಹೆಣ್ಣು ಎಂದೆ. ಎದ್ದು ನಿಂತ, ಕಣ್ಣು ಒರೆಸಿಕೊಂಡ. “ಮನೆ ಮುಂದೆ ಹೋಯ್ತು ತಂಗಿ,” ಎಂದ. ಆ ಮಾತು ನಿಜವಾದದ್ದೇ, ಅದರಲ್ಲಿ ನನಗೆ ಈಗಲೂ ಸಂಶಯ ಇಲ್ಲ. ಆಮೇಲೆ ಪೇಪರ್ ಮಡಚಿಟ್ಟು, “ಈಗ ಅಮೆ ಬಂತಲ್ಲ. ದೈವದ ಕೋಣೆ ತೆರೆಯುವ ಹಾಗಿಲ್ಲ, ಹೂ ಇಡುವ ಹಾಗಿಲ್ಲ. ವಯರ್‌ಮನ್‌ಗೆ ಅಮೆ ಎಲ್ಲ ಕಳೆದ ಮೇಲೆ ಬರ್ಲಿಕ್ಕೆ ಹೇಳುವ,” ಎಂದ.

ಅಮೆ ಎಂದರೆ ಮನೆಯಲ್ಲಿ ಮಗು ಹುಟ್ಟಿದಾಗ ಬರುವ ಸೂತಕ. ಅವನು ಹೇಳಿದ್ದು ಕ್ರಮದ ಮಾತೇ. ಆದರೆ ಅಮೆ ಕಳೆದು, ಸಂಕ್ರಮಣ ಬಂದು, ಹೂ ಬಿದ್ದು, ಆಮೇಲೆ ಕೆಲಸ ಸುರುವಾಗುವಾಗ ಬಾಣಂತನವೇ ಮುಗಿದಿರುತ್ತದೆ. ಮಗು ಬಂದ ಕಾರಣಕ್ಕೇ ಮಗು ಮನೆಗೆ ಬರುವ ಹಾಗಿಲ್ಲ. ನಾನು ಚಾವಡಿಯ ಕಂಬಕ್ಕೆ ಒರಗಿ ಕೂತೆ.

ಮಗನಿಗೆ ಭಾನುವಾರ ಬಿಟ್ಟರೆ ಪುರುಸೊತ್ತಿಲ್ಲ. “ಕೆಲಸ ಯಾವಾಗ ಬೇಕಾದ್ರೂ ಆಗ್ಲಿ ಅಮ್ಮ, ಫ್ಯೂಸ್ ನೋಡಿಡುವ. ಅದಕ್ಕೆ ಯಾವ ಅಮೆಯೂ ಇಲ್ಲ,” ಎಂದು ಜಗಲಿಯ ಬೋರ್ಡಿನ ಎದುರು ಸ್ಟೂಲ್ ಹಾಕಿದ. ಅಣ್ಣ ಅಷ್ಟರಲ್ಲಿ ಊಟ ಮಾಡಿ ಕೋಣೆಯಲ್ಲಿ ಮಲಗಿದ್ದ. ಬೋರ್ಡಿನಲ್ಲಿ ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳು. ಮನೆಯ ಲೈಟುಗಳನ್ನೆಲ್ಲ ಹಾಕಿಟ್ಟೆವು. ಅವನು ಒಂದೊಂದನ್ನೇ ಎಳೆಯುವುದು, ನಾನು ಮನೆಯೊಳಗೆ ತಿರುಗಿ ಯಾವುದು ಆರಿತೆಂದು ಕೂಗಿ ಹೇಳುವುದು.

ಮೊದಲನೆಯದು ಎಳೆದ. ಜಗಲಿ, ಚಾವಡಿ ಎರಡೂ ಆರಿದವು. ಅಣ್ಣನ ಫ್ಯಾನೂ ನಿಲ್ಲಬೇಕಿತ್ತು, ಅದು ಚಾವಡಿಯ ಲೈನೇ ಅಲ್ಲವೇ. ಬಾಗಿಲ ಹತ್ತಿರ ಹೋಗಿ ಕಿವಿ ಕೊಟ್ಟೆ. ಫ್ಯಾನು ಯಾವಾಗಿನ ಹಾಗೆ ಟಕ್ ಟಕ್ ಎಂದು ತಿರುಗುತ್ತಿತ್ತು. ಎರಡನೆಯದಕ್ಕೆ ಅಟ್ಟ ಆರಿತು. ಮೂರನೆಯದು ಸುಮ್ಮನೆ ಇಟ್ಟದ್ದು, ಅದರಲ್ಲಿ ಎಂತದೂ ಇಲ್ಲ ಎಂದು ಅಣ್ಣ ಯಾವತ್ತೂ ಹೇಳುತ್ತಿದ್ದ. ಮಗ ಅದನ್ನು ಎಳೆದ. ಟಕ್ ಟಕ್ ನಿಧಾನವಾಯಿತು, ನಿಂತಿತು.

ಮಗ ಸ್ಟೂಲಿನಿಂದ ಇಳಿದು ಆ ಫ್ಯೂಸಿನ ವಯರನ್ನು ಕಣ್ಣಲ್ಲೇ ಹಿಂಬಾಲಿಸಿದ. ನಾನೂ ಅವನ ಹಿಂದೆ. ಅದು ಚಾವಡಿಯ ಮಾಡಿನ ಅಡ್ಡತೊಲೆಗೆ ಏರಿ, ತೊಲೆಯ ಬಣ್ಣವನ್ನೇ ಬಳಿದುಕೊಂಡು, ದೈವದ ಕೋಣೆಯ ಬಾಗಿಲ ಮೇಲಿನ ಕೆತ್ತನೆಯ ಹಲಗೆಯ ಹಿಂದೆ ಹೋಗಿ ಗೋಡೆಯೊಳಗೆ ನುಗ್ಗಿತ್ತು. ಆ ಹಲಗೆಗೆ ಪ್ರತಿ ಹಬ್ಬಕ್ಕೂ ಮಾವಿನೆಲೆ ಕಟ್ಟಿದವಳು ನಾನು. ಮಗ ಹೊರಗೆ ಹೋಗಿ ಮಾಡಿನ ಅಂಚಿನ ತಂತಿಯನ್ನು ಕೋಲಿನಿಂದ ಎಳೆದು ನೋಡಿದ. ಅದರ ಒಂದು ತುದಿ ಚಾವಡಿಯ ಮೂಲೆಯ ಮೊಳೆಗೆ ಸುತ್ತಿತ್ತು. ಇನ್ನೊಂದು ತುದಿ ಅಣ್ಣನ ರೇಡಿಯೋದ ಹಿಂದೆ. ಅದು ರೇಡಿಯೋದ ಏರಿಯಲ್, ಕರೆಂಟೇ ಇಲ್ಲದ ತಂತಿ. ಅಷ್ಟು ವರ್ಷ ನಾನು ಕೋಲು ಹಿಡಿದು ಮಕ್ಕಳನ್ನು ಓಡಿಸಿದ್ದು ಅದರಿಂದ.

ಬಾಗಿಲು ತಟ್ಟದೆ ಅಣ್ಣನ ಕೋಣೆಗೆ ಹೋದೆ. ಅವನು ಎದ್ದು ಕೂತಿದ್ದ, ನಿಂತ ಫ್ಯಾನನ್ನು ನೋಡುತ್ತಿದ್ದ. ಮಗ ಕಪಾಟು ಸರಿಸಿದ. ದೈವದ ಕೋಣೆಯ ಗೋಡೆಯಿಂದ ವಯರು ಈಚೆ ಬಂದು, ಸಾಲಾಗಿ ಮೊಳೆ ಹೊಡೆದ ಪಟ್ಟಿಯ ಮೇಲೆ ಹತ್ತಿ, ಹಿಂದಿನ ಗೋಡೆಯ ಸ್ವಿಚ್ಚಿಗೆ ಸೇರಿತ್ತು. ಆ ಹಿಂದಿನ ಗೋಡೆಯ ಆಚೆ ಬದಿಗೆ ನನ್ನ ಒಲೆ. ಬೆಳಿಗ್ಗೆ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುವಾಗ ಕೇಳುತ್ತಿದ್ದ ಟಕ್ ಟಕ್ ಅಷ್ಟು ಹತ್ತಿರದ್ದಾಗಿತ್ತು.

“ಅಣ್ಣ, ಅವತ್ತು ಹೂ ಯಾವ ಬದಿಗೆ ಬಿದ್ದಿತ್ತು?” ಎಂದು ಕೇಳಿದೆ.

ಅವನು ಮಗನ ಕಡೆ ನೋಡಿದ. ಮಗ ಹೊರಗೆ ಹೋದ.

“ಹೂ ಇಡ್ಲೇ ಇಲ್ಲ,” ಎಂದ.

ಆಮೇಲೆ ಅವನೇ ಹೇಳುತ್ತ ಹೋದ. ತಂದ ವಯರು ಮುಗಿಯುತ್ತ ಬಂದಿತ್ತಂತೆ, ಇನ್ನು ಒಂದೇ ಕಡೆಗೆ ಸಾಕಾಗುವಷ್ಟು ಉಳಿದಿತ್ತಂತೆ. ಅಡುಗೆಮನೆಗಾ ನಿಮ್ಮ ಕೋಣೆಗಾ ಎಂದು ವಯರ್‌ಮನ್ ಕೇಳಿದನಂತೆ. ಇವನಿಗೆ ಲಾಡ್ಜಿನ ಆಫೀಸಿನ ಫ್ಯಾನಿನ ಗಾಳಿ ಅಭ್ಯಾಸವಾಗಿತ್ತು. ಅಡುಗೆಮನೆಯದ್ದು ಮುಂದಿನ ತಿಂಗಳು ಮಾಡಿಸುವ ಎಂದುಕೊಂಡ. ಅಷ್ಟರಲ್ಲಿ ನಾನು ಊರಿನಿಂದ ಬಂದು, ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಓಡಿದೆ.

“ನಿನ್ನ ಮುಖ ನೋಡಿ ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ. ಬಾಯಿಗೆ ದೈವದ ಹೆಸರು ಬಂತು,” ಎಂದ. “ಮತ್ತೆ ಅದನ್ನು ಹಿಂದೆ ತೆಗಿಯುದು ಹೇಗೆ ಮಾರಾಯ್ತಿ? ಅಮ್ಮ ಕೈ ಮುಗಿದು ಆಗಿತ್ತು.”

“ಮಗುವಿನ ಕಾಲು ಬೆಂದ ದಿನ?”

ಹೊರಗೆ ಮಗ ಫ್ಯೂಸು ತಿರುಗಿ ಹಾಕಿರಬೇಕು, ಫ್ಯಾನು ತನ್ನಷ್ಟಕ್ಕೆ ತಿರುಗಲು ಸುರು ಮಾಡಿತು. ಅಣ್ಣ ಎದ್ದು ಹೋಗಿ ಅದನ್ನು ಆರಿಸಿದ.

ನಾನು ಅಳಲಿಲ್ಲ, ಬೈಯಲೂ ಇಲ್ಲ. ಕತ್ತಲೆಯಲ್ಲಿ ಬೇಯಿಸಿದ್ದು ಹೋಗಲಿ, ಊರಿನಲ್ಲಿ ಎಷ್ಟೋ ಹೆಂಗಸರು ಹಾಗೇ ಬೇಯಿಸಿದ್ದಾರೆ. ಬೆಳಕಿಲ್ಲದ ಆ ಒಲೆಯ ಬುಡದಲ್ಲಿ ನಾನು ದಿನಾ ದೈವದ ಜೊತೆ ಮಾತಾಡಿಕೊಂಡಿದ್ದೆ. ನಿನ್ನ ಅಪ್ಪಣೆ ನಡೆಸುತ್ತಿದ್ದೇನೆ, ಮಕ್ಕಳನ್ನು ನೋಡಿಕೋ ಎನ್ನುತ್ತಿದ್ದೆ. ಅಮ್ಮ ಸಾಯುವ ಮೊದಲು ಹೇಳಿದ್ದೂ ಅದೇ, ಆ ಅಪ್ಪಣೆ ಮೀರಬೇಡಿ ಎಂದು. ಕಾಲಿನ ಕಲೆ ನೋಡಿ ಅತ್ತ ಮಗಳಿಗೆ, ಜೀವ ಉಳಿಸಿದ್ದು ದೈವವೇ ಎಂದು ಎಷ್ಟು ಸಲ ಹೇಳಿದ್ದೇನೆ. ನನ್ನ ಆ ಮಾತುಗಳೆಲ್ಲ ಹೋಗಿ ಯಾರ ಹತ್ತಿರ ಕೂತವು? ಅಪ್ಪಣೆಯೇ ಕೊಡದ ದೈವ ಗೋಡೆಯ ಆಚೆಯಿಂದ ಅವನ್ನು ಕೇಳುತ್ತ ಏನೆಂದುಕೊಂಡಿತೋ. ಮತ್ತೆ ಆ ಬೆಳಿಗ್ಗೆ, ಮೊಮ್ಮಗಳು ಹುಟ್ಟಿದ ಗಳಿಗೆಯಲ್ಲಿ, ಅವಳ ಅಮೆಯನ್ನೇ ಮುಂದೆ ಮಾಡಿ ಅಣ್ಣ ಬಾಗಿಲು ಮುಚ್ಚಿದನಲ್ಲ. ಹುಟ್ಟಿ ಒಂದು ಹಗಲು ಆಗಿರಲಿಲ್ಲ ಅವಳಿಗೆ.

ಆದರೆ ಎಂತ ಹೇಳುವುದು, ಅವಳ ನೆನಪಾದ ಕೂಡಲೇ ನನ್ನ ಕೈಯಲ್ಲಿ ಅವಳ ಭಾರ ಮತ್ತೆ ಬಂತು. ಆ ಕೆಂಪು ಮುಷ್ಟಿ, ಟ್ಯೂಬ್‌ಲೈಟ್ ನೋಡಿದ ಆ ಕಣ್ಣು. ಸೊಂಟದಲ್ಲಿದ್ದ ಸುಣ್ಣದ ಡಬ್ಬಿ ತೆಗೆದೆ. ಅಣ್ಣನ ಕೋಣೆಯ ಹಿಂದಿನ ಗೋಡೆಯಲ್ಲಿ, ಅವನ ಸ್ವಿಚ್ಚಿನ ಬದಿಗೆ, ದೊಡ್ಡದಾಗಿ ಒಂದು ಬೊಟ್ಟು ಇಟ್ಟೆ.

“ದೈವದ ಕೋಣೆ ತೆರೆಯುವುದು ಬೇಡ,” ಎಂದೆ. “ನಿನ್ನ ಗೋಡೆಗೆ ಒಂದು ತೂತು ಮಾಡಿದ್ರೆ ನನ್ನ ಒಲೆಗೆ ಬೆಳಕು ಬರ್ತದೆ. ವಯರ್‌ಮನ್ ನಾಳೆಯೇ ಬರ್ಲಿ. ಕರೆಯುವುದು ನಾನು.”

ಅವನು ತಲೆ ಆಡಿಸಿದ. ಮಗ ಆಗಲೇ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟ. ಭಾನುವಾರ ಅಂಗಡಿ ಇಲ್ಲ, ವಯರ್‌ಮನ್‌ನ ಮನೆ ಹುಡುಕಿಕೊಂಡೇ ಹೋಗುತ್ತೇನೆ ಎಂದ. ಸಂಜೆಗೆ ತಿರುಗಿ ಬಂದು, ಬೆಳಿಗ್ಗೆ ಬರುತ್ತಾನಂತೆ, ಮೊದಲ ಕೆಲಸ ಅಡುಗೆಮನೆಯದ್ದೇ ಎಂದು ಹೇಳಿ ಆಗಿದೆ ಎಂದ. ಅಳಿಯ ಆಸ್ಪತ್ರೆಯಿಂದ ಬಂದ. ನಾನು ಕೇಳುವ ಮೊದಲೇ, ಮಗು ಹಾಲು ಕುಡಿದು ನಿದ್ದೆ ಮಾಡಿತು ಎಂದ. ಮಗಳು ಲೈಟಿನ ಸುದ್ದಿ ಕೇಳಿದಳಂತೆ. ನಾಳೆ ಎಂದು ಹೇಳು ಎಂದೆ. ಯಾಕೆ ಇಷ್ಟು ದಿನ ಇರಲಿಲ್ಲ ಎಂಬುದನ್ನು ನಾನೇ ಅವಳಿಗೆ ಹೇಳಬೇಕು, ಅದು ಅಳಿಯನ ಬಾಯಿಂದ ಹೋಗುವುದು ಬೇಡ.

ಅವತ್ತು ಬೂತಾಯಿ ಮೀನಿನ ಪುಳಿಮುಂಚಿ ಸಾರು ಮಾಡಿದ್ದೆ, ಮೊಮ್ಮಗಳ ಹೆಸರಿನಲ್ಲಿ ಹೆಸರುಬೇಳೆ ಪಾಯಸ. ಬಟ್ಟಲುಗಳನ್ನು ಚಾವಡಿಗೆ ಒಯ್ಯಲಿಲ್ಲ. ಅಡುಗೆಮನೆಯ ನೆಲದಲ್ಲಿ ಸಾಲಾಗಿ ಇಟ್ಟು, ಎಲ್ಲರೂ ಇಲ್ಲಿಯೇ ಬನ್ನಿ ಎಂದು ಕರೆದೆ. ಆಸ್ಪತ್ರೆಯಲ್ಲಿದ್ದ ತಾಯಿ ಮಗಳನ್ನು ಬಿಟ್ಟರೆ ಮನೆಯವರೆಲ್ಲ ಕೂತರು. ಅಣ್ಣ ಕೊನೆಗೆ ಬಂದ, ತಗ್ಗಿನ ದಾರಂದಕ್ಕೆ ತಲೆ ಬಗ್ಗಿಸಿ. ಒಲೆಯ ಎದುರಿನ ಮಣೆ ತೋರಿಸಿದೆ, ಕೂತ. ನಾನೂ ನನ್ನ ಬಟ್ಟಲು ಇಟ್ಟುಕೊಂಡು ಅವರ ಜೊತೆಯಲ್ಲೇ ಕೂತೆ.

ಅಳಿಯ ಮಗುವಿನ ಮೂಗು ತನ್ನದೇ ಎಂದ. ಮಗ, “ಪಾಪ, ಅದಕ್ಕೆ ಎಂತ ಮಾಡುದು ಭಾವ, ದೊಡ್ಡದಾಗುವಾಗ ಸರಿಯಾದೀತು,” ಎಂದ. ಎಲ್ಲರೂ ನಕ್ಕೆವು, ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬೂತಾಯಿಗೆ ಸಣ್ಣ ಸಣ್ಣ ಮುಳ್ಳು. ಚಿಮಿಣಿ ದೀಪದ ಬೆಳಕಿನಲ್ಲಿ ಅಣ್ಣ ಬಟ್ಟಲಿನ ಮೇಲೆ ಬಗ್ಗಿ, ಬೆರಳಿನಿಂದ ಒಂದೊಂದೇ ಮುಳ್ಳು ಹುಡುಕಿ ತೆಗೆಯುತ್ತಿದ್ದ.

“ದೀಪ ಸ್ವಲ್ಪ ಇತ್ತ ಇಡು ತಂಗಿ,” ಎಂದ.

“ಇದರ ಬೆಳಕು ಇಷ್ಟೇ ಅಣ್ಣ, ಎಲ್ಲಿ ಇಟ್ಟರೂ,” ಎಂದು ನಾನು ಅವನ ಪಾಯಸದ ಲೋಟಕ್ಕೆ ಇನ್ನೊಂದು ಸೌಟು ಹಾಕಿದೆ. ಅವನು ಬೇಡ ಎನ್ನಲಿಲ್ಲ. ಎಲ್ಲರೂ ಊಟ ಮಾಡಿದೆವು.